ಮಡ್ಡಿ ಕೊಟ್ಟ ನೀರು

ಕರ್ನಾಟಕದ ಗುಡ್ಡಗಾಡಿನ ಮಾತು ಬಂದರೆ ಕೊಡಗು, ಚಿಕ್ಕಮಗಳೂರು, ಸಂಡೂರು ನೆನಪಿಗೆ ಬರುತ್ತವೆ, ವಿಜಯಪುರ ಬರುವುದಿಲ್ಲ. ವಿಜಯಪುರವೆಂದರೆ ಬಯಲು, ಬಿಸಿಲು, ಬರ, ಗೋಳಗುಮ್ಮಟ. ಜಿಲ್ಲೆಯ ಜನ ಕೂಡ ಹೆಮ್ಮೆಯಿಂದ ಹೇಳಿಕೊಳ್ಳುವುದು ಡೋಣಿ ನದಿಯ ಸಾಲಿನ ಕಪ್ಪು ಎರಿ ಭೂಮಿಯ ಬಗ್ಗೆ. ಡೋಣಿ ಬೆಳೆದರೆ ಓಣಿ ತುಂಬ ಕಾಳು ಎಂಬರ್ಥದ ಮಾತು ಹಳ್ಳಿಹಳ್ಳಿಯ ಬಾಯಲ್ಲಿದೆ. ಆದರೆ ನಗರದಿಂದ ಪಶ್ಚಿಮಕ್ಕೆ ತೊರವಿ ದಾಟಿದರೆ ನೆಲ ಮೆಲ್ಲಗೆ ಏರತೊಡಗುತ್ತದೆ. ತಿಕೋಟಾ, ಹೊನವಾಡ, ಕನಮಡಿಯ ಸೀಮೆ ಹಿಡಿದು ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ತನಕ ಕಲ್ಲು ಗರಸಿನ ಈ ಏರುನೆಲ ಹಬ್ಬಿದೆ. ಜನ ಇದನ್ನು ಮಡ್ಡಿ ಎನ್ನುತ್ತಾರೆ. ಪ್ರವಾಸಿಗರ ಕೈಪಿಡಿಯಲ್ಲಿ ಇದಕ್ಕೆ ಒಂದು ಸಾಲಿಲ್ಲ. ಕಂದಾಯದ ಕಡತದಲ್ಲಿ ಇದ್ದರೂ ಕೆಳದರ್ಜೆಯಲ್ಲಿ. ಈ ಸೀಮೆಯ ಚರಿತ್ರೆಯಲ್ಲಿ ಎರಿಗೆ ಸಂದ ಗೌರವ ಮಡ್ಡಿಗೆ ಸಂದಿಲ್ಲ ಎಂಬುದು ನನ್ನ ವಾದ. ಎರಿ ಅನ್ನ ಕೊಟ್ಟಿತು, ನಿಜ. ಆದರೆ ದಖ್ಖನದ ಒಂದು ದೊಡ್ಡ ರಾಜಧಾನಿಗೆ ನೀರು ಕೊಟ್ಟದ್ದು, ಕಲ್ಲು ಕೊಟ್ಟದ್ದು, ಒಮ್ಮೆ ಶತ್ರುವಿನ ಸೈನ್ಯವನ್ನು ಹಿಂದಕ್ಕೆ ಕಳಿಸಲು ನೆರವಾದದ್ದು ಈ ಬರಡೆನಿಸಿಕೊಂಡ ಏರುನೆಲವೇ.

ಮೊದಲು ನೆಲದ ರಚನೆ ನೋಡಬೇಕು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹೊರಬಂದ ಲಾವಾ ಪದರಪದರವಾಗಿ ಹರಿದು ಗಟ್ಟಿಯಾಗಿ ದಖ್ಖನದ ಕಪ್ಪುಕಲ್ಲಿನ ಹಾಸಾಯಿತು. ಅವಿಭಜಿತ ವಿಜಯಪುರ ಜಿಲ್ಲೆಯ ದಕ್ಷಿಣ ತುದಿಯಲ್ಲಿ, ಬಾದಾಮಿಯ ಕಡೆ, ಕೆಂಪು ಮರಳುಗಲ್ಲು ಎದ್ದು ಬಂಡೆಗಳಾಗಿ ನಿಂತಿದೆ. ಅಲ್ಲಿ ಗುಡ್ಡ ಎಲ್ಲರ ಕಣ್ಣಿಗೂ ಗುಡ್ಡವೇ. ಕೃಷ್ಣೆಯ ಉತ್ತರಕ್ಕೆ ಹಾಗಲ್ಲ. ಇಲ್ಲಿ ಲಾವಾದ ಪದರಗಳು ಅಡ್ಡಡ್ಡಲಾಗಿ ಮಲಗಿರುವುದರಿಂದ ಸವೆತವೂ ಹಂತಹಂತವಾಗಿ ಆಗಿದೆ. ಮೇಲೆ ಚಪ್ಪಟೆ ಮಡ್ಡಿ, ಅದರ ಅಂಚಿನಲ್ಲಿ ಗರಸಿನ ಇಳಿಜಾರು, ಅದರ ಕೆಳಗೆ ಮಸಾರಿ, ತೀರ ಕೆಳಗೆ ಹಳ್ಳದ ದಂಡೆಯಲ್ಲಿ ಆಳೆತ್ತರದ ಎರಿ. ನಗರವೇ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ಉತ್ತರದ ಭೀಮೆಗೂ ದಕ್ಷಿಣದ ಕೃಷ್ಣೆಗೂ ನಡುವೆ ಎತ್ತಿ ನಿಲ್ಲಿಸಿದ ಈ ನೆಲದಿಂದ ನೀರು ಎರಡೂ ಕಡೆ ಇಳಿಯುತ್ತದೆ. ನಡುವೆ ಜತ್ತದ ಕಡೆ ಹುಟ್ಟಿದ ಡೋಣಿ ಪೂರ್ವಕ್ಕೆ ಹರಿದು, ತಾಳಿಕೋಟೆಯನ್ನು ಹಾದು ಕೃಷ್ಣೆಗೆ ಸೇರುತ್ತದೆ. ಶಿಖರ ಎಷ್ಟು ಎತ್ತರ ಎಂದು ಅಳೆದು ಗುಡ್ಡಗಾಡನ್ನು ಗುರುತಿಸುವವರಿಗೆ ಇಲ್ಲಿ ಏನೂ ಸಿಗಲಿಕ್ಕಿಲ್ಲ. ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡುವವರಿಗೆ ಇದು ಸ್ಪಷ್ಟವಾದ ಮೇಲ್ಸೀಮೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಬದುಕುವ ಜನಕ್ಕೆ ನೂರು ಅಡಿಯ ಏರಿಳಿತವೂ ಬಾಳ್ವೆಯ ಪ್ರಶ್ನೆ.

ಈ ಮೇಲ್ಸೀಮೆ ಎಂದೂ ನಿರ್ಜನವಾಗಿರಲಿಲ್ಲ ಎಂಬುದಕ್ಕೆ ಹೊನವಾಡವೇ ಸಾಕ್ಷಿ. ಊರಿನಲ್ಲಿ ಸಿಕ್ಕ 1054ರ ಶಾಸನ ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದ್ದು. ಅದರಲ್ಲಿ ಊರಿನ ಹೆಸರು ಪೊನ್ನವಾಡ. ಆಗ ಅದು ಅಗ್ರಹಾರ. ಅದರ ಆಡಳಿತ ರಾಣಿ ಕೇತಲದೇವಿಯ ಕೈಯಲ್ಲಿತ್ತು. ಚಾಂಕಿರಾಜನೆಂಬವನು ಅಲ್ಲಿ ಶಾಂತಿನಾಥನಿಗೆ ತ್ರಿಭುವನತಿಲಕ ಎಂಬ ಬಸದಿ ಕಟ್ಟಿಸಿದ್ದನ್ನೂ ದಾನ ಬಿಟ್ಟದ್ದನ್ನೂ ಶಾಸನ ಹೇಳುತ್ತದೆ. ಅಗ್ರಹಾರವೂ ಬಸದಿಯೂ ಒಂದೇ ಊರಿನಲ್ಲಿ, ಅದೂ ರಾಣಿಯ ನೇರ ಆಳ್ವಿಕೆಯಲ್ಲಿ! ಒಂದು ದಾನಶಾಸನದಿಂದ ನೆಲದ ಸಮೃದ್ಧಿಯನ್ನು ಊಹಿಸುವುದು ತಪ್ಪಾಗಬಹುದು, ಪಾಳುಬಿದ್ದ ನೆಲವನ್ನು ಸಾಗುವಳಿಗೆ ತರಲೆಂದೂ ಅರಸರು ಅಗ್ರಹಾರ ಮಾಡುತ್ತಿದ್ದರು ಎಂದು ಇದಕ್ಕೆ ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ. ಆದರೆ ಓದುವ, ಪೂಜಿಸುವ, ತೇರಿನಂಥ ಉತ್ಸವ ನಡೆಸುವ, ಸನ್ಯಾಸಿಗಳಿಗೆ ಆಹಾರ ಕೊಡುವ ಒಂದು ನೆಲೆ ಬಾಳಬೇಕಾದರೆ ವರ್ಷವಿಡೀ ಕುಡಿಯುವ ನೀರು ಬೇಕು. ಎರಿ ಪ್ರದೇಶದ ದೊಡ್ಡ ಕೊರತೆಯೇ ಅದು: ಡೋಣಿಯ ದಂಡೆಯಲ್ಲಿ ಬೆಳೆ ಬರುತ್ತದೆ, ಡೋಣಿಯ ನೀರು ಮಾತ್ರ ಸವುಳು. ಆಳವಾದ ಜೇಡಿಮಣ್ಣು ತೇವವನ್ನು ಹಿಡಿದಿಟ್ಟು ಹಿಂಗಾರಿ ಬಿಳಿಜೋಳಕ್ಕೆ ಕೊಡುತ್ತದೆ, ಬಾವಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಡ್ಡಿಯ ಅಂಚಿನಲ್ಲಿ ಇದರ ತದ್ವಿರುದ್ಧ. ಅಲ್ಲಿ ಮಣ್ಣು ತೆಳು, ಆದರೆ ಕೆಳಗಿನ ಕೊಳೆತ ಕಲ್ಲು, ತೂತುತೂತಾದ ಲಾವಾ ಪದರ, ಎರಡು ಪದರಗಳ ನಡುವಿನ ಸಂದು ಮಳೆನೀರನ್ನು ಹೀರಿ ಸಿಹಿಯಾಗಿಯೇ ಉಳಿಸುತ್ತವೆ. ಉಳುವವನಿಗೆ ಎರಿ ಬೇಕು; ನೀರಿಗಿಳಿಯುವವನಿಗೆ ಗರಸು ಬೇಕು. ಎರಡರ ಸೆರಗು ಕೂಡುವಲ್ಲಿ ಊರು ನಿಲ್ಲುತ್ತದೆ.

ಐನೂರು ವರ್ಷಗಳ ನಂತರ ಇದೇ ಸೂತ್ರ ಒಂದು ಮಹಾನಗರದ ಅಳತೆಯಲ್ಲಿ ಕೆಲಸ ಮಾಡಿತು. 1565ರ ಹೊತ್ತಿಗೆ ಆದಿಲ್‌ಶಾಹಿ ರಾಜಧಾನಿಯ ಸುತ್ತ ಕೋಟೆಗೋಡೆ ಎದ್ದಿತ್ತು. ಹತ್ತಿರದಲ್ಲಿ ಹೇಳಿಕೊಳ್ಳುವಂಥ ಹೊಳೆಯಿಲ್ಲ. ಕೃಷ್ಣೆ, ಭೀಮೆ ಎರಡೂ ದೂರ, ಎರಡೂ ನಗರಕ್ಕಿಂತ ತಗ್ಗಿನಲ್ಲಿ. ಆ ಕಾಲದಲ್ಲಿ ಅಲ್ಲಿಂದ ನೀರು ಎತ್ತುವ ಮಾತೇ ಇಲ್ಲ. ಕೋಟೆಯೊಳಗೆ 1579ರಲ್ಲಿ ಚಾಂದ ಬಾವಡಿ, 1620ರಲ್ಲಿ ತಾಜ ಬಾವಡಿ ಕಟ್ಟಲಾಯಿತು. ಇವೆರಡರ ಹೆಸರೇ ಎಲ್ಲರಿಗೂ ಗೊತ್ತು, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ನಗರದ ನಿಜವಾದ ಜೀವನಾಡಿ ಕಣ್ಣಿಗೆ ಕಾಣದೆ ನೆಲದೊಳಗಿತ್ತು. 16ನೆಯ ಶತಮಾನದ ಉತ್ತರಾರ್ಧದಿಂದ ತೊರವಿಯ ಕಡೆಯಿಂದ ಸುರಂಗ ಕೊರೆದು, ನೀರನ್ನು ತನ್ನ ಭಾರದಿಂದಲೇ ನಗರಕ್ಕೆ ಇಳಿಸಲಾಯಿತು. ಕರೇಜ್ ಎಂದು ಇಂದು ಕರೆಯುವ ಈ ವ್ಯವಸ್ಥೆಯ ಬಗೆ ಹೀಗೆ: ಮೇಲ್ಸೀಮೆಯಲ್ಲಿ ನೀರಿನ ಸೆಲೆ ತಲುಪುವಷ್ಟು ಆಳದ ಬಾವಿ, ಅದರ ತಳದಿಂದ ನಗರದ ಕಡೆ ಅತಿ ಸಣ್ಣ ಇಳಿಜಾರಿನ ಸುರಂಗ, ಸುರಂಗದ ಮೇಲೆ ಸಾಲಾಗಿ ಗಾಳಿಬಾವಿಗಳು, ಅಗೆಯುವಾಗ ಮಣ್ಣೆತ್ತಲು, ಆಮೇಲೆ ಹೂಳು ತೆಗೆಯಲು. ಈ ಬಿಸಿಲಿನ ನಾಡಿನಲ್ಲಿ ನೀರು ಆವಿಯಾಗದಂತೆ ತರಲು ಇದಕ್ಕಿಂತ ಒಳ್ಳೆಯ ಉಪಾಯ ಆಗ ಇರಲಿಲ್ಲ. ತೊರವಿ ಹೊಸ ಊರೇನಲ್ಲ. ಅಲ್ಲಿಯ ನರಸಿಂಹನ ಅಂಕಿತದಲ್ಲೇ ಕುಮಾರ ವಾಲ್ಮೀಕಿಯ ತೊರವೆ ರಾಮಾಯಣ ಹುಟ್ಟಿದೆ. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ಕನಸಿನ ನವರಸಪುರವನ್ನು ಕಟ್ಟತೊಡಗಿದ್ದೂ ಅದೇ ಪಡುವಣ ಏರಿನಲ್ಲಿ. ಪೂರ್ವದ ಫಲವತ್ತಾದ ತಗ್ಗಿನ ಕಡೆಗೆ ಆತ ಹೋಗಲಿಲ್ಲ. ಸಂಗೀತಪ್ರೇಮಿಯ ಹುಚ್ಚು ಎಂದು ಇದನ್ನು ಬದಿಗೆ ಸರಿಸುವವರುಂಟು. ರಾಜಧಾನಿಗೆ ನೀರು ಕೊಡುವ ನೆಲವನ್ನೇ ರಾಜಧಾನಿಯಾಗಿಸುವ ಯೋಚನೆಯಲ್ಲಿ ನನಗೆ ಹುಚ್ಚು ಕಾಣುವುದಿಲ್ಲ. 1624ರಲ್ಲಿ ಮಲಿಕ್ ಅಂಬರ್ ಬಂದು ಅದನ್ನು ಹಾಳುಗೆಡವಿದ. ಕೋಟೆಗೋಡೆ ಪೂರ್ತಿಯಾಗಿರದ ನಗರ ಅದು. ಸೋತದ್ದು ನೆಲದ ಕೊರತೆಯಿಂದಲ್ಲ, ಗೋಡೆಯ ಕೊರತೆಯಿಂದ.

ಮಡ್ಡಿಯ ಬೆಲೆ ಏನೆಂದು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟದ್ದು ಒಂದು ದಂಡಯಾತ್ರೆ. 1665ರಲ್ಲಿ ಶಿವಾಜಿಯೊಡನೆ ಪುರಂದರದ ಒಪ್ಪಂದ ಮುಗಿಸಿದ ಮಿರ್ಜಾ ರಾಜಾ ಜಯಸಿಂಗ, ಆ ವರ್ಷದ ನವೆಂಬರಿನಲ್ಲಿ ಮೊಘಲ ಸೈನ್ಯದೊಡನೆ ವಿಜಯಪುರದತ್ತ ಹೊರಟ. ಶಿವಾಜಿಯೂ ಆಗ ಅವನ ಜೊತೆಗಿದ್ದ. ಡಿಸೆಂಬರ್ ಕೊನೆಗೆ ಸೈನ್ಯ ನಗರಕ್ಕೆ ಹತ್ತು ಮೈಲಿಯಷ್ಟು ಹತ್ತಿರ ಬಂತು. ಎರಡನೇ ಅಲಿ ಆದಿಲ್ ಶಾಹ ಅಷ್ಟರಲ್ಲಿ ಸಿದ್ಧನಾಗಿದ್ದ. ಕೋಟೆಯೊಳಗೆ ಕರ್ನಾಟಕದ ಕಾಲಾಳುಗಳನ್ನು ತುಂಬಿಕೊಂಡ; ಕೋಟೆಯ ಹೊರಗೆ ಸುತ್ತ ಆರು ಮೈಲಿಯವರೆಗಿನ ನೆಲವನ್ನು ತಾನೇ ಹಾಳುಮಾಡಿದ. ನವರಸಪುರದ ಕೆರೆ, ಶಹಾಪುರದ ಕೆರೆ ಒಡೆದು ಖಾಲಿ ಮಾಡಿಸಿದ, ಬಾವಿಗಳನ್ನು ಮುಚ್ಚಿಸಿದ, ಮರ ಕಡಿಸಿದ. ಜಯಸಿಂಗನ ದಂಡಿಗೆ ನೀರಿಲ್ಲ, ಮೇವಿಲ್ಲ. ಜನವರಿ ಮೊದಲ ವಾರಕ್ಕೆ ಅವನು ಹಿಂದಿರುಗಿದ. ಮುತ್ತಿಗೆಯ ದೊಡ್ಡ ತೋಪುಗಳನ್ನು ಅವನು ಹಿಂದೆ ಬಿಟ್ಟು ಬಂದಿದ್ದ, ಆದಿಲ್‌ಶಾಹಿ ಕುದುರೆದಂಡು ಸುತ್ತಲೂ ಕಾಡುತ್ತಿತ್ತು, ಅದೂ ಸೋಲಿಗೆ ಕಾರಣ ಎಂದು ಇತಿಹಾಸಕಾರರು ಹೇಳುವುದು ಸರಿಯೇ. ಆದರೂ ಗಮನಿಸಬೇಕಾದದ್ದು ಸುಲ್ತಾನನ ಲೆಕ್ಕಾಚಾರವನ್ನು. ಆತ ಒಡೆಸಿದ ಕೆರೆಗಳು ನಗರದ ಪಶ್ಚಿಮ ಮಗ್ಗುಲಿನವು. ಪಡುವಣ ಏರಿನ ನೀರು ಯಾರ ಕೈಗೆ ಸಿಕ್ಕೀತೋ ನಗರ ಅವರ ಕೈಗೆ ಎಂದು ತಿಳಿದವನು ಮಾತ್ರ ತನ್ನ ಕೆರೆಯನ್ನು ತಾನೇ ಒಡೆಸಿಯಾನು. ಇಪ್ಪತ್ತು ವರ್ಷಗಳ ನಂತರ ಔರಂಗಜೇಬನ ಸೈನ್ಯ 1685ರ ಬೇಸಿಗೆಯಲ್ಲಿ ಮುತ್ತಿಗೆ ಹಾಕಿದಾಗಲೂ ನಗರ ಒಂದು ವರ್ಷಕ್ಕೂ ಹೆಚ್ಚು ಕಾಲ ತಡೆದು ನಿಂತಿತು. 1686ರ ಸೆಪ್ಟೆಂಬರಿನಲ್ಲಷ್ಟೇ ಸೋತಿತು. ಮುತ್ತಿಗೆ ಹಾಕಿದವರೇ ಹಸಿವಿನಿಂದ ಕಂಗೆಟ್ಟ ತಿಂಗಳುಗಳು ಅದರಲ್ಲಿದ್ದವು.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ. ನೀರು ತಂದದ್ದು ನೆಲವಲ್ಲ, ಅರಸನ ಹಣ ಮತ್ತು ಪರ್ಶಿಯಾದ ವಿದ್ಯೆ. ಹಣವಿದ್ದರೆ ಎಲ್ಲಿಂದಾದರೂ ತರಬಹುದಿತ್ತು. ಮಡ್ಡಿಗೆ ಕೊಡುವ ಕೀರ್ತಿ ಕಟ್ಟಿದ ಕೈಗಳಿಗೆ ಸೇರಬೇಕು ಎಂಬುದು. ಕಟ್ಟಿದ ಕೈಗಳ ಕೀರ್ತಿಯನ್ನು ಯಾರೂ ಕಸಿಯಬಾರದು. ಕಪ್ಪುಕಲ್ಲಿನಲ್ಲಿ ಹಾರೆ ಉಳಿಗಳಿಂದ ಸುರಂಗ ಕೊರೆದವರ ಹೆಸರು ಯಾವ ಶಾಸನದಲ್ಲೂ ಇಲ್ಲ ಎಂಬುದು ಈ ನಗರದ ದೊಡ್ಡ ಋಣ. ಆದರೆ ಪಂಪಿಲ್ಲದ ಕಾಲದ ನೀರಿನ ವಿದ್ಯೆ ಪೂರ್ತಿಯಾಗಿ ಇಳಿಜಾರಿನ ವಿದ್ಯೆ. ಕರೇಜ್ ಕೊರೆಯಲು ಮೂರು ಬೇಕು: ನಗರಕ್ಕಿಂತ ಎತ್ತರದ ನೆಲ, ಮಳೆ ಇಂಗಿಸಿಕೊಳ್ಳುವ ಮೇಲ್ಪದರ, ಇಂಗಿದ್ದನ್ನು ತಡೆದು ನಿಲ್ಲಿಸುವ ಗಟ್ಟಿ ತಳ. ಮೂರೂ ಒಟ್ಟಿಗಿದ್ದದ್ದು ಮಡ್ಡಿಯಲ್ಲಿ. ಹಾಗಾದರೆ ಬೇಗಂ ತಲಾಬು ನಗರದ ದಕ್ಷಿಣಕ್ಕಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಕಟ್ಟಿಸಿದ ಆ ಕೆರೆಯಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ನಗರಕ್ಕೆ ಬರುತ್ತಿತ್ತು. ದಾರಿಯಲ್ಲಿ ಒತ್ತಡ ತಗ್ಗಿಸಲು ಕಟ್ಟಿದ ಗಂಜು ಎಂಬ ಎತ್ತರದ ಗೋಪುರಗಳು ಇಂದೂ ನಿಂತಿವೆ. ಪಶ್ಚಿಮವೇ ಆಗಬೇಕೆಂಬುದು ನನ್ನ ಹಟವಲ್ಲ. ದಿಕ್ಕು ಯಾವುದಾದರೂ, ನಗರಕ್ಕಿಂತ ಮೇಲಿನ ಕಲ್ಲುನೆಲ ಬೇಕಿತ್ತು. ಅದೇ ಸುಲ್ತಾನ ಇಂದಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ 1633ರಲ್ಲಿ ಕಟ್ಟಿಸಿದ ದೊಡ್ಡ ಕೆರೆ ನಗರಕ್ಕಾಗಿ ಕಟ್ಟಿದ್ದಲ್ಲ, ಸುತ್ತಲಿನ ಹೊಲಗಳಿಗಾಗಿ. ಅದೂ ಏರುನೆಲದಿಂದ ಇಳಿದ ಮಳೆನೀರನ್ನು ಇಳಿಜಾರಿನ ಬಾಯಲ್ಲಿ ಹಿಡಿದ ಕೆರೆಯೇ. ಇಷ್ಟಕ್ಕೂ ಗೋಳಗುಮ್ಮಟದಿಂದ ಹಿಡಿದು ಕೋಟೆಗೋಡೆಯವರೆಗೆ ನಗರವನ್ನು ಕಟ್ಟಿದ್ದು ಇದೇ ಸೀಮೆಯ ಕಪ್ಪುಕಲ್ಲಿನಿಂದ.

ಇಂಥ ನೆಲ ಬರಡೆಂಬ ಹೆಸರು ಹೊತ್ತದ್ದು ಯಾವಾಗ? ಮಣ್ಣನ್ನು ಕಂದಾಯಕ್ಕಾಗಿ ತೂಗತೊಡಗಿದಾಗ ಎಂಬುದು ನನ್ನ ಅಭಿಪ್ರಾಯ. 1818ರ ನಂತರ ಸಾತಾರದ ಅರಸನ ಕೈಯಲ್ಲಿದ್ದ ಈ ಭಾಗ 1848ರಲ್ಲಿ ಬ್ರಿಟಿಷರಿಗೆ ಸೇರಿತು. ಮುಂಬಯಿ ಸರಕಾರದ ಸರ್ವೆ ಪದ್ಧತಿ ಆಗಷ್ಟೇ ಗಟ್ಟಿಯಾಗಿತ್ತು: ಹೊಲದಲ್ಲಿ ಮಣ್ಣಿನ ಆಳವನ್ನು ಮೊಳದಲ್ಲಿ ಅಳೆಯುವುದು, ಬಣ್ಣ ನೋಡುವುದು, ದೋಷಗಳನ್ನು ಕಳೆಯುವುದು, ಕೊನೆಗೆ ಆಣೆಯಲ್ಲಿ ಬೆಲೆ ಕಟ್ಟುವುದು. ಆಳವಾದ ಕಪ್ಪು ಎರಿಗೆ 16 ಆಣೆ. ಮಣ್ಣು ತೆಳುವಾದಂತೆ, ಕಲ್ಲು ಹೆಚ್ಚಾದಂತೆ ಬೆಲೆ ಇಳಿಯುತ್ತ ಹೋಗುತ್ತದೆ. ಒಬ್ಬ ರೈತನ ಮೇಲೆ ನ್ಯಾಯವಾದ ಕಂದಾಯ ಹಾಕಲು ಇದು ಒಳ್ಳೆಯ ಪದ್ಧತಿಯೇ, ಹಿಂದಿನ ಗುತ್ತಿಗೆದಾರರ ಸುಲಿಗೆಗಿಂತ ಎಷ್ಟೋ ಮೇಲು. ಆದರೆ ಬೆಳೆಯ ಕಣ್ಣಿನಿಂದ ಮಾತ್ರ ನೆಲವನ್ನು ನೋಡುವ ಅಭ್ಯಾಸ ಅಲ್ಲಿಂದ ಬೇರೂರಿತು. ಮಳೆ ಇಂಗಿಸುವ ಕೆಲಸಕ್ಕೆ ಆ ಲೆಕ್ಕದಲ್ಲಿ ಆಣೆಯಿಲ್ಲ, ಕುರಿ ಮೇಯಿಸುವುದಕ್ಕೆ ಆಣೆಯಿಲ್ಲ. ಉಳಲು ಬಾರದ್ದು ಖರಾಬು ಎಂದು ಬರೆದಾಯಿತು. 1876ರಿಂದ ಬಂದ ಘೋರ ಬರ ಆ ಲೆಕ್ಕದ ಮಿತಿಯನ್ನು ಕ್ರೂರವಾಗಿ ತೋರಿಸಿತು. ಈ ಸೀಮೆಯನ್ನು ಒಳಗೊಂಡಿದ್ದ ಆಗಿನ ಕಲಾದಗಿ ಜಿಲ್ಲೆಯಲ್ಲಿ 1872ರಲ್ಲಿ 8 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಆರೂವರೆ ಲಕ್ಷದೊಳಗೆ ಕುಸಿಯಿತು. ವಿಜಯಪುರ ನಗರದಲ್ಲಿ ಉಳಿದವರು ಹನ್ನೊಂದು ಸಾವಿರದಷ್ಟು ಜನ. ಮಡ್ಡಿ ಈ ಜನರನ್ನು ಉಳಿಸಬಹುದಿತ್ತು ಎಂದು ಹೇಳುವುದು ಉತ್ಪ್ರೇಕ್ಷೆ. ಮಳೆಯೇ ಇಲ್ಲದಾಗ ಗರಸೂ ಒಣಗುತ್ತದೆ. ನಾನು ಹೇಳುವುದು ಇಷ್ಟೇ: 16 ಆಣೆಯ ಎರಿಯೂ ಅಂದು ಬಿರುಕುಬಿಟ್ಟಿತು. ಮಣ್ಣಿನ ಆಳ ಸುಗ್ಗಿಯನ್ನು ಅಳೆದೀತು, ಬದುಕಿನ ಭದ್ರತೆಯನ್ನಲ್ಲ.

ಸರ್ವೆಯ ಲೆಕ್ಕಕ್ಕೆ ಸಿಗದ ಮಡ್ಡಿಯ ಇನ್ನೊಂದು ಮುಖ ಹುಲ್ಲು. ಮುಂಗಾರಿನ ಎರಡು ಮಳೆ ಬಿದ್ದರೆ ಸಾಕು, ಕಂದು ಕಲ್ಲಿನ ಮೈಮೇಲೆ ಹಸಿರು ಹತ್ತಿ, ದೀಪಾವಳಿ ಹೊತ್ತಿಗೆ ಅದು ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಈ ಹುಲ್ಲನ್ನು ನಂಬಿ ಕುರುಬರ ಹಿಂಡುಗಳು ಬದುಕಿದವು. ಹಿಂಡು ಬೇಸಿಗೆಯಲ್ಲಿ ಎರಿ ಹೊಲಕ್ಕೆ ಇಳಿದು ರಾತ್ರಿ ತಂಗಿದರೆ, ಹಿಕ್ಕೆ ಗಂಜಲವೇ ಹೊಲದ ಗೊಬ್ಬರ. ಕುರಿ ತರುಬಿದ್ದಕ್ಕೆ ರೈತ ಕುರಿಗಾರನಿಗೆ ಕಾಳು ಕೊಡುತ್ತಿದ್ದ. ಎರಿಯ ಫಲವತ್ತತೆಯಲ್ಲೂ ಮಡ್ಡಿಯ ಪಾಲಿದೆ ಎಂದಂತಾಯಿತು. ಚಿಗರಿ, ತೋಳ, ನರಿ, ನೆಲದಲ್ಲೇ ಗೂಡು ಮಾಡುವ ಹಕ್ಕಿಗಳು ಇವೆಲ್ಲ ಈ ಬಯಲು ಹುಲ್ಲಿನ ಜೀವಿಗಳು. ದಟ್ಟ ಕಾಡಿನಲ್ಲಿ ಅವು ಬದುಕುವುದಿಲ್ಲ. ವಿಜಯಪುರ ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆ ಎಂಬ ಕೊರಗು ಹಳೆಯದು. 2016ರಲ್ಲಿ ಶುರುವಾದ ಕೋಟಿ ವೃಕ್ಷ ಅಭಿಯಾನ ರಸ್ತೆಯ ಬದಿ, ಊರ ಸುತ್ತ, ಕೆರೆಯಂಗಳದ ಬಳಿ ನೆರಳು ತಂದದ್ದು ಸಣ್ಣ ಕೆಲಸವಲ್ಲ, ಮಮದಾಪುರದ ಅರಣ್ಯವೂ ಈ ಸೀಮೆಗೆ ಬೇಕಾದದ್ದೇ. ಆದರೆ ಖಾಲಿ ಕಂಡ ಮಡ್ಡಿಯನ್ನೆಲ್ಲ ಗಿಡದಿಂದ ತುಂಬಬೇಕೆಂಬ ಆಸೆಯನ್ನು ನಾನು ಒಪ್ಪಲಾರೆ. ಮಡ್ಡಿ ಖಾಲಿಯಲ್ಲ. ಹುಲ್ಲುಗಾವಲಿಗೂ ಅದರದೇ ಆದ ಪೂರ್ಣತೆಯಿದೆ, ಮತ್ತು ಈ ನಾಡಿನ ನಿಸರ್ಗದ ಸೊಬಗನ್ನು ನೋಡಬಯಸುವವರು ಅಕ್ಟೋಬರಿನ ಸಂಜೆ ತಿಕೋಟಾ ದಾಟಿದ ಮೇಲೆ ಕಾಣುವ ಆ ನೀಳ ದಿಗಂತದ ಮುಂದೆ ನಿಲ್ಲಬೇಕು. ಮಲೆನಾಡಿನ ಅಳತೆಗೋಲು ಹಿಡಿದು ಬಂದವರಿಗೆ ಅದು ಕಾಣುವುದಿಲ್ಲ.

ಕಡೆಯ ಆಕ್ಷೇಪ ಇಂದಿನದು. ಈಗ ಕೃಷ್ಣೆಯ ನೀರನ್ನೇ ಎತ್ತಿ ತರಲಾಗುತ್ತಿದೆ, ಹಳೆಯ ಇಳಿಜಾರಿನ ಲೆಕ್ಕ ಏಕೆ ಎಂಬುದು. ಇದಕ್ಕೆ ಉತ್ತರಿಸುವ ಮೊದಲು ದ್ರಾಕ್ಷಿಯ ಮಾತು. ತಿಕೋಟಾ, ಹೊನವಾಡ, ಬಾಬಾನಗರದ ಸುತ್ತ ಕಳೆದ ಕೆಲವು ದಶಕಗಳಲ್ಲಿ ಎದ್ದ ದ್ರಾಕ್ಷಿ ಪಡಗಳೂ ಒಣದ್ರಾಕ್ಷಿಯ, ಅಂದರೆ ಮಣೂಕದ, ಶೆಡ್ಡುಗಳೂ ಸರ್ವೆಯ ಆಣೆ ಲೆಕ್ಕವನ್ನು ತಲೆಕೆಳಗು ಮಾಡಿವೆ. ನೀರು ನಿಲ್ಲುವ ಎರಿ ಬಳ್ಳಿಯ ಬೇರಿಗೆ ಆಗಿಬರುವುದಿಲ್ಲ. ನೀರು ಬಸಿದುಹೋಗುವ ಗರಸು, ಒಣ ಗಾಳಿ, ಬೇಸಿಗೆಯ ಕಡು ಬಿಸಿಲು ದ್ರಾಕ್ಷಿ ಬೆಳೆಯುವುದಕ್ಕೂ ಒಣಗಿಸುವುದಕ್ಕೂ ಹೇಳಿ ಮಾಡಿಸಿದಂತಿವೆ. ಆದರೆ ಆ ತೋಟಗಳಿಗೆ ನೀರು ಬಂದದ್ದು ಕೊಳವೆಬಾವಿಯಿಂದ. ಕರೇಜ್ ತನ್ನಷ್ಟಕ್ಕೆ ಹರಿದು ಬಂದದ್ದನ್ನು ಮಾತ್ರ ತೆಗೆದುಕೊಳ್ಳುತ್ತಿತ್ತು. ಕೊಳವೆಬಾವಿ ಸಂದುಗಳಲ್ಲಿ ವರ್ಷಗಟ್ಟಲೆ ಕೂಡಿದ್ದನ್ನು ಹೀರಿತು. ಬರದ ವರ್ಷಗಳಲ್ಲಿ ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರಿನಿಂದ ನೀರು ಹೊಡೆಸುವ ಸ್ಥಿತಿ ಬಂತು. ಈ ಸಂಕಟಕ್ಕೆ ಉತ್ತರವಾಗಿ ಬಂದ ತುಬಚಿ-ಬಬಲೇಶ್ವರ ಏತ ನೀರಾವರಿ ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ಬಬಲೇಶ್ವರ, ತಿಕೋಟಾ ಸೀಮೆಯ ಕಾಲುವೆ, ಕೆರೆ, ಹಳ್ಳಗಳಿಗೆ ಬಿಡುತ್ತದೆ. ಗಮನಿಸಿ: ನೀರನ್ನು ಮೊದಲು ಒಯ್ಯುವುದು ಎತ್ತರಕ್ಕೆ. ಅಲ್ಲಿಂದ ಮುಂದಿನ ದಾರಿ ಹಳೆಯದೇ, ಮಡ್ಡಿಯಿಂದ ಇಳಿಜಾರಿಗೆ, ಇಳಿಜಾರಿನಿಂದ ಕೆರೆಗೆ, ಕೆರೆಯಿಂದ ಬಾವಿಗೆ. ಆ ಮೇಲ್ಮೈ ಕಲ್ಲುಗಣಿಯಾಗಿಯೋ ನಿವೇಶನವಾಗಿಯೋ ಮುಚ್ಚಿಹೋದರೆ, ವಿದ್ಯುತ್ತಿನ ಖರ್ಚಿನಲ್ಲಿ ಎತ್ತಿದ ನೀರಿಗೂ ಇಂಗಲು ಎಡೆಯಿರುವುದಿಲ್ಲ.

2022ರ ಕೊನೆಯಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿವಿವಾದದ ಬಿಸಿಯ ನಡುವೆಯೇ ಇದೇ ಯೋಜನೆಯ ನೀರು ಗಡಿ ದಾಟಿ ಜತ್ತ ತಾಲ್ಲೂಕಿನ ಕನ್ನಡ ಮಾತಾಡುವ ಹಳ್ಳಿಗಳ ಕೆರೆಗೆ ಹರಿಯಿತು. ಸುದ್ದಿಯಾದದ್ದು ಅದರ ರಾಜಕೀಯ. ನೆಲದ ದೃಷ್ಟಿಯಿಂದ ನೋಡಿದರೆ ಅದರಲ್ಲಿ ವಿಚಿತ್ರವೇನಿಲ್ಲ. ಡೋಣಿ ಹುಟ್ಟುವುದು ಆ ಕಡೆ, ಬೆಳೆ ಬೆಳೆಯುವುದು ಈ ಕಡೆ; ಜತ್ತವೂ ಹೊನವಾಡವೂ ಒಂದೇ ಏರುನೆಲದ ಊರುಗಳು, ಒಂದೇ ಮಳೆನೆರಳಿನವು. ಡೋಣಿಯಲ್ಲಿ ಹೂಳು ತುಂಬಿ ಹೊಲಗಳಿಗೆ ನುಗ್ಗುತ್ತದೆ ಎಂದು ಪ್ರತಿ ಮಳೆಗಾಲ ಕೂಗು ಏಳುತ್ತದೆ. ಹೂಳೆತ್ತುವ ಯೋಜನೆಗಳ ಮಾತು ನಡೆಯುತ್ತದೆ. ಹೂಳು ಬರುವುದು ಮೇಲಿನಿಂದ. ಮಡ್ಡಿಯ ಹುಲ್ಲು ಹೋಗಿ, ಇಳಿಜಾರಿನ ಒಡ್ಡು ಒಡೆದಲ್ಲಿ ಮಣ್ಣು ಸಡಿಲವಾಗಿ ಹಳ್ಳ ಸೇರುತ್ತದೆ, ಹಳ್ಳದಿಂದ ಡೋಣಿಗೆ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಜಗತ್ತಿನ ಅಪಾಯದಲ್ಲಿರುವ ಪರಂಪರೆಗಳ ತನ್ನ 2020ರ ಪಟ್ಟಿಯಲ್ಲಿ ದಖ್ಖನದ ಹಳೆಯ ನೀರಿನ ವ್ಯವಸ್ಥೆಗಳನ್ನು ಸೇರಿಸಿತು. ಬಾವಡಿಗಳ ಹೂಳು ತೆಗೆದದ್ದು, ಕರೇಜಿನ ಬಾವಿಗಳನ್ನು ಹುಡುಕಿ ಗುರುತಿಸಿದ್ದು ಸಂತೋಷದ ಸಂಗತಿ. ಆದರೆ ಆ ಸುರಂಗಗಳಿಗೆ ನೀರು ಕೊಡುತ್ತಿದ್ದ ಮೇಲಿನ ನೆಲ ಯಾವ ಸ್ಮಾರಕದ ಎಲ್ಲೆಯೊಳಗೂ ಬರುವುದಿಲ್ಲ. ತೊರವಿಯಿಂದ ಪಶ್ಚಿಮಕ್ಕೆ ಹೋದಂತೆ ಅದರ ಎಷ್ಟೋ ಭಾಗ ಇಂದಿಗೂ ಖರಾಬಿನ ಕಾಲಮಿನಲ್ಲೇ ಇದೆ.